ಹಸಿರು ಮುಖವಾಡದವನು ಬಾವಿಗೆ ಬಿದ್ದದ್ದು

ನಮ್ಮದು ಚಿಕ್ಕೋಡಿ ಪೇಟೆಯಲ್ಲಿ ಕಿರಾಣಿ ಅಂಗಡಿ. ಪೊಟ್ಟಣ ಕಟ್ಟಲು ಅಪ್ಪ ನಿಪ್ಪಾಣಿಯಿಂದ ರದ್ದಿ ಕಾಗದ ತರಿಸುತ್ತಿದ್ದ. ಶಾಲೆ ಬಿಟ್ಟ ಮೇಲೆ ಅದನ್ನು ಹರಿದು ಕೊಡುವುದು ನನ್ನ ಕೆಲಸ. ಒಂದು ದಿನ ಆ ಗಂಟಿನಲ್ಲಿ ಮರಾಠಿ ಕಾಮಿಕ್ಸುಗಳು ಸಿಕ್ಕವು ನೋಡಿ, ನನ್ನ ಜನ್ಮ ಪಾವನವಾಯಿತು.

ಬಸ್‌ಸ್ಟ್ಯಾಂಡಿನ ಸ್ಟಾಲಿನಲ್ಲಿ ತೂಗುಹಾಕಿರುತ್ತಿದ್ದ ಹೆಸರುವಾಸಿ ವೀರರ ಪೈಕಿ ಒಬ್ಬನೂ ಇವುಗಳಲ್ಲಿರಲಿಲ್ಲ. ಗಡಿಯಾಚೆಯ ಯಾವನೋ ಬಡ ಪ್ರಕಾಶಕ. ಬಣ್ಣ ಗೆರೆ ದಾಟಿ ಹರಿದಿರುತ್ತಿತ್ತು. ಒಬ್ಬ ವೀರನ ಕೆಂಪು ಚಡ್ಡಿ ಪಕ್ಕದ ಎಮ್ಮೆಗೂ ಮೆತ್ತಿಕೊಂಡಿತ್ತು. ಇನ್ನೊಬ್ಬಳು ಮಾಯವಾಗಬಲ್ಲವಳು, ಆದರೆ ಉಸಿರು ಬಿಗಿಹಿಡಿದಷ್ಟು ಹೊತ್ತು ಮಾತ್ರ. ನೆಗಡಿಯಾದರೆ ಮುಗಿಯಿತು ಕತೆ. ನನಗೆ ಹಿಡಿಸಿದವನು ಹಸಿರು ಮುಖವಾಡದವನು. ಪಾಪ, ಅವನಿಗೆ ಹಾರಲು ಬರುತ್ತಿರಲಿಲ್ಲ. ಎಷ್ಟು ಬಡಿದರೂ ನೋವಾಗುತ್ತಿರಲಿಲ್ಲ, ಅಷ್ಟೇ ಅವನ ಶಕ್ತಿ.

ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಣ್ಣು ಮಂಜು. ಮಧ್ಯಾಹ್ನ ನಾನೇ ಅವಳಿಗೆ ಓದಿ ಹೇಳುತ್ತಿದ್ದೆ. ಬೇರೆ ವೀರರ ಹೊಡೆದಾಟ ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಸಿರು ಮುಖವಾಡದವನು ಮಾತ್ರ ತಿರುಗಿ ಹೊಡೆಯದೆ ಬರೀ ಹೊಡೆಸಿಕೊಳ್ಳುತ್ತಿದ್ದುದರಿಂದ, ಇವನು ನಮ್ಮ ಜೈನರ ಪೈಕಿಯೇ ಇರಬೇಕೆಂದು ತೀರ್ಮಾನಿಸಿದಳು. ಒಂದು ಪುಸ್ತಕದಲ್ಲಿ ಅವನು ಕಡಿಯಲು ಒಯ್ಯುತ್ತಿದ್ದ ಕುರಿಗಳನ್ನು ಬಿಡಿಸಿದ. ದುಷ್ಟರು ಅವನನ್ನು ಹಾಳುಬಾವಿಗೆ ನೂಕಿ ಮೇಲೆ ದೊಡ್ಡ ಕಲ್ಲು ಮುಚ್ಚಿದರು. ಉಳಿದದ್ದು ಎರಡನೇ ಭಾಗದಲ್ಲಿ ಎಂದು ಕತೆ ಅಲ್ಲಿಗೇ ನಿಂತಿತು. ಎರಡನೇ ಭಾಗ ಗಂಟಿನಲ್ಲಿರಲಿಲ್ಲ.

ನಮ್ಮ ಜೈನರ ಮನೆಯ ಮುದುಕಿಯರು ಮಾತೆತ್ತಿದರೆ ನೇಮ ಹಿಡಿಯುತ್ತಾರೆ. ಮಗಳ ಹೆರಿಗೆ ಸುಸೂತ್ರವಾಗುವವರೆಗೆ ತುಪ್ಪ ಬಿಟ್ಟೆ, ಹೀಗೆ. ಆಯಿ ನೆಟ್ಟಗೆ ಬಸದಿಗೆ ಹೋಗಿ ಬಂದು ಹೇಳಿದಳು:

“ಅವ ಬಾವ್ಯಾಗಿಂದ ಮ್ಯಾಲ ಬರೂತನಕಾ ನಾ ಚಾ ಮುಟ್ಟಂಗಿಲ್ಲ.”

ಚಹಾ ಬಿಟ್ಟವಳು ಆಯಿ, ತಲೆನೋವು ಹತ್ತಿದ್ದು ಮನೆಮಂದಿಗೆಲ್ಲ. ಅವ್ವನ ಸಾರಿಗೆ ಉಪ್ಪಿಲ್ಲ, ಅಪ್ಪನ ತಲೆಯಲ್ಲಿ ಬುದ್ಧಿಯಿಲ್ಲ, ನಾನಂತೂ ಹುಟ್ಟಿದ್ದೇ ತಪ್ಪು. ಎರಡನೇ ಭಾಗದ ಹಾಳೆಗಳಲ್ಲಿ ಸಾಸಿವೆ ಕಟ್ಟಿ ಮಾರಿದವನು ಅಪ್ಪನೇ ಎಂಬ ಆರೋಪ ಬೇರೆ. ಕಾಮಿಕ್ಸ್ ಓದಿದರೆ ಬುದ್ಧಿ ಮಂಕಾಗುತ್ತದೆ ಎನ್ನುತ್ತಿದ್ದ ಮನುಷ್ಯ, ರಾಯಬಾಗಕ್ಕೆ, ಅಥಣಿಗೆ ಹೋದಾಗಲೆಲ್ಲ ರದ್ದಿ ಅಂಗಡಿ ಹೊಕ್ಕು ಹಸಿರು ಮುಖವಾಡದವನನ್ನು ವಿಚಾರಿಸತೊಡಗಿದ. ಕೊನೆಗೆ ನಿಪ್ಪಾಣಿಯ ರದ್ದಿಯವನು ಇದ್ದೊಂದು ಆಸೆಗೂ ಮಣ್ಣು ಹಾಕಿದ. ಆ ಪ್ರಕಾಶಕ ಬಾಗಿಲು ಮುಚ್ಚಿ ಬಹಳ ಕಾಲವಾಗಿತ್ತಂತೆ.

ಸುದ್ದಿ ಕೇಳಿ ಆಯಿ ಅತ್ತೇಬಿಟ್ಟಳು. ಚಹಾಕ್ಕಲ್ಲ, ಅವನು ಕತ್ತಲಲ್ಲೇ ಉಳಿದನಲ್ಲ ಎಂದು.

ಆ ಮಳೆಗಾಲ ಚಾತುರ್ಮಾಸಕ್ಕೆಂದು ಎಳೆ ಪ್ರಾಯದ ಮುನಿಗಳೊಬ್ಬರು ನಮ್ಮ ಬಸದಿಯಲ್ಲಿ ತಂಗಿದ್ದರು. ನೇಮ ಬಿಡಿಸಲು ಇನ್ನು ಅವರೇ ಗತಿ ಎಂದು ಅಪ್ಪ ಎಲ್ಲರನ್ನೂ ಕರೆದೊಯ್ದ. ನಮೋಸ್ತು ಹೇಳಿ ಕೂತೆವು. ಮುಖವಾಡ, ಕುರಿ, ಬಾವಿ ಎಂದು ಅಪ್ಪ ತಡವರಿಸುತ್ತ ವಿವರಿಸುತ್ತಿದ್ದರೆ ಸುತ್ತಲಿದ್ದವರು ಮುಖ ಮುಖ ನೋಡಿಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮುನಿಗಳು ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಮ್ಯಾಲ ಕಲ್ಲ ಮುಚ್ಚಿದ್ದರಲ್ಲ, ಆ ಬಾವಿ ಏನ್ರಿ?”

ಅಪ್ಪ ಕಲ್ಲಿನ ವಿಷಯ ಹೇಳಿಯೇ ಇರಲಿಲ್ಲ. ಆಯಿ ಹೌದ್ರಿ ಮಹಾರಾಜರ ಎಂದಳು.

“ಬರ್ತಾನವ್ವಾ. ಎರಡನೇ ಭಾಗದಾಗ ಮ್ಯಾಲ ಬರ್ತಾನ. ಹೋಗಿ ಚಾ ಕುಡೀರಿ.”

ಮುನಿಗಳು ಸುಳ್ಳಾಡುವುದಿಲ್ಲ. ಹೇಗೆ ಮೇಲೆ ಬಂದ ಎಂದು ಕೇಳಲು ನಾನು ಬಾಯಿ ತೆರೆದೆ. ಅಪ್ಪ ತೊಡೆ ಚಿವುಟಿದ. ಅಷ್ಟರಲ್ಲಿ ಅವರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿಯಾಗಿತ್ತು.

ಹೊತ್ತು ಮುಳುಗುವ ಮೊದಲೇ ಮನೆ ಸೇರಿ ಅವ್ವ ಚಹಾ ಇಟ್ಟಳು. ಕಪ್ಪಿನಿಂದ ಬಸಿಗೆ ಸುರಿದುಕೊಂಡ ಆಯಿ ತುಟಿಗೆ ಹಚ್ಚದೆ ಹಾಗೇ ಕೂತಳು.

“ಮಹಾರಾಜರು ಯಾರ ಮನಿ ಹುಡುಗನೋ ಏನೋ,” ಎಂದಳು. “ಅವರ ಆಯಿಗೆ ಈಗ ಯಾರ ಓದಿ ಹೇಳ್ತಾರ?”

ಚಹಾ ಆರಿಹೋಯಿತು. ಅವ್ವ ಇನ್ನೊಮ್ಮೆ ಕಾಸಿ ಕೊಟ್ಟಳು.