ಕೆಮ್ಮು ಮಾವನ ಒಂದೇ ಮಾತು

ಪರದೆಯ ಮೇಲೆ ನಾಯಕಿ ಮುದುಕನ ಕನಸಿನೊಳಗೆ ಇಳಿದು ಪಿಸುದನಿಯಲ್ಲಿ ಅವನನ್ನು ಕರೆಯುವ ಹೊತ್ತಿಗೆ ಸರಿಯಾಗಿ ಡಬ್ಬಿಂಗ್ ಕೋಣೆಯಲ್ಲಿ ಗರಗಸದ ಸದ್ದು ಕೇಳಿತು. ಗರಗಸವಲ್ಲ, ಕೆಮ್ಮು ಮಾವ. ಮೂಲೆಯ ಕುರ್ಚಿಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದವರು ಕಾದೂ ಕಾದೂ ಗೊರಕೆಗೆ ಇಳಿದಿದ್ದರು.

ಅದು ಜಪಾನಿನ ಆನಿಮೇಷನ್ ಚಿತ್ರ. ಮೆಕ್ಯಾನಿಕ್ ಹುಡುಗಿಯೊಬ್ಬಳು ತಲೆಗೆ ಯಂತ್ರ ಸಿಕ್ಕಿಸಿಕೊಂಡು ಕಂಡವರ ಕನಸಿಗೆಲ್ಲ ನುಗ್ಗುತ್ತಾಳೆ. ಕಥೆಯುದ್ದಕ್ಕೂ ಮಲಗಿರುವ ಮುದುಕ ಕೊನೆಗೆ ಎದ್ದು, ‘ನಾನೆಲ್ಲಿದ್ದೆ?’ ಅನ್ನುತ್ತಾನೆ. ಆ ಒಂದು ಮಾತು ಮಾವನ ಪಾಲಿಗೆ ಬಂದಿತ್ತು.

ಇಷ್ಟು ವರ್ಷ ಪರದೆಯ ಮೇಲೆ ಯಾರು ಕೆಮ್ಮಿದರೂ, ಸೀನಿದರೂ, ಗುಂಪಿನಲ್ಲಿ ‘ಹಿಡೀರಿ ಅವನನ್ನ’ ಎಂದು ಕೂಗಿದರೂ ಗಂಟಲು ಇವರದು. ಸತ್ತದ್ದಕ್ಕಂತೂ ಲೆಕ್ಕವಿಲ್ಲ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಮಾವ ಬರೀ ಗಂಟಲಲ್ಲೇ ಬದುಕಿದವರು. ಬೆಳಗ್ಗೆ ಮಗಳು, “ಅಪ್ಪಾ, ಇದರಲ್ಲಿ ಕೆಮ್ಮೋ ಸಾವೋ?” ಎಂದು ಕೆಣಕಿದ್ದಳು. “ಡೈಲಾಗು ಕಣೆ,” ಎಂದು ಮೀಸೆ ತಿರುವಿ ಬಂದಿದ್ದರು.

ಈಗ ಡೈರೆಕ್ಟರಮ್ಮ ಹೆಡ್‌ಫೋನ್ ಕಿತ್ತಿಟ್ಟಳು. “ಮಾವ, ರಿಹರ್ಸಲ್‌ನಲ್ಲಿ ಆ ಮಾತನ್ನ ಕೋರ್ಟಲ್ಲಿ ಸಾಕ್ಷಿ ಹೇಳೋ ಹಾಗೆ ಹೇಳಿದ್ರಿ. ಅದರ ಮೇಲೆ ಈ ಗೊರಕೆ ಬೇರೆ. ಬಿಡಿ, ಹೀರೋಗೆ ದನಿ ಕೊಡೋ ಹುಡುಗನ ಹತ್ರಾನೇ ಹೇಳಿಸ್ತೀನಿ.”

ಮಾವ ಅಳುಕಲಿಲ್ಲ. ಬಾಯಿ ಒರೆಸಿಕೊಂಡು ಕೇಳಿದರು: “ಗೊರಕೆ ಹೇಗಿತ್ತು ತಾಯಿ?”

“ಗೊರಕೆಗೇನು, ಅಸಲಿ.”

“ಹಾಗಾದ್ರೆ ಎದ್ದೇಳೋದನ್ನೂ ಅಸಲೀನೇ ಕೊಡ್ತೀನಿ. ದೀಪ ಆರಿಸಿ, ರೆಕಾರ್ಡಿಂಗ್ ಮಿಷಿನ್ ಓಡ್ತಿರಲಿ. ನಿದ್ದೆ ಹತ್ತಿದ ಮೇಲೆ ಆಚೆ ಕೋಣೆಯಿಂದ ಗಾಜು ತಟ್ಟಿ.”

“ಇದೊಂದ್ಸಲ ಮಾತ್ರ,” ಎಂದಳು ಆಕೆ.

ಮಾವ ಮೈಕಿನ ಮುಂದೆ ತೋಳಿಗೆ ತಲೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಗರಗಸ ಮತ್ತೆ ಶುರುವಾಯಿತು. ಸೌಂಡ್ ಇಂಜಿನಿಯರ್ ನಗು ತಡೆದುಕೊಂಡು ಗಾಜು ತಟ್ಟಿದ. ಗೊರಕೆ ತುಂಡಾಯಿತು. ಮಾವ ತಲೆಯೆತ್ತಿ, ಪರದೆಯ ಬೆಳಕಿನಲ್ಲಿ ತಮ್ಮ ಕೈಗಳನ್ನೇ ಯಾರದೋ ಎಂಬಂತೆ ನೋಡಿಕೊಂಡು, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ದನಿಯಲ್ಲಿ ಅಂದರು: “ನಾನೆಲ್ಲಿದ್ದೆ?”

ಇಂಜಿನಿಯರನ ನಗು ಎಲ್ಲೋ ಹೋಯಿತು. ಡೈರೆಕ್ಟರಮ್ಮ ಕನ್ನಡಕ ತೆಗೆದು ಸೆರಗಿಗೆ ಉಜ್ಜಿದಳು, ಉಜ್ಜುತ್ತಲೇ ಇದ್ದಳು.

“ಇದೇ ಇರಲಿ,” ಎಂದಳು ಕೊನೆಗೆ. “ಹೇಳಿ ಮಾವ, ಅದ್ಯಾವ ಕನಸಿಂದ ಎದ್ದು ಬಂದ್ರಿ?”

“ಎಲ್ಲಿಯ ಕನಸು ತಾಯಿ,” ಎಂದರು ಮಾವ, ಚಪ್ಪಲಿ ಹುಡುಕುತ್ತ. “ಹಸಿದ ಹೊಟ್ಟೆಗೆ ಎರಡನೇ ಸಲ ನಿದ್ದೆ ಹತ್ತುತ್ತಾ? ಈ ಗೊರಕೇನೂ ಡಬ್ಬಿಂಗೇ. ನೀವು ಊಟಕ್ಕೆ ಯಾವಾಗ ಬಿಡ್ತೀರಿ ಅಂತ ಕಾಯ್ತಾ ಇದ್ದೆ.”