ಆರೂವರೆಯ ಎರಡು ರಿಂಗ್

ಮನೆಯ ಲ್ಯಾಂಡ್‌ಲೈನ್ ತೆಗೆಸಿ ಇಂಟರ್ನೆಟ್ ಮೇಲೆ ನಡೆಯುವ ಫೋನ್ ಹಾಕಿಸಿದ ಮೇಲೆ ಒಂಬತ್ತು ದಿನ ನನಗೆ ತಲೆಬುಡ ಅರ್ಥವಾಗಲಿಲ್ಲ. ಮೂವತ್ತು ವರ್ಷ ರಾಜಾಜಿನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ವಿದ್ಯುತ್ ಗಂಟೆಯ ಚಿತ್ರವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅಂಥವಳು ಬೆಳಿಗ್ಗೆ ಎದ್ದು ಒಂದು ಫೋನಿನ ಮುಂದೆ ಕುರ್ಚಿ ಹಾಕಿಕೊಂಡು ಪೆದ್ದಿಯ ಹಾಗೆ ಅದನ್ನೇ ನೋಡುತ್ತ ಕೂತಿರುತ್ತಿದ್ದೆ.

ಯಾಕೆ ಎಂದು ಹೇಳಬೇಕಾದರೆ ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಇರುವುದು ಮೂಡಲಪಾಳ್ಯದಲ್ಲಿ. ನಾನು ಬಸವೇಶ್ವರನಗರದಲ್ಲಿ. ಬಸ್ ಸಿಕ್ಕಿದರೆ ಅರ್ಧ ಗಂಟೆಯ ದಾರಿ. ಬಹಳ ವರ್ಷಗಳ ಹಿಂದೆ ನನಗೆ ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದಾಗ ಅವಳೊಂದು ಕಟ್ಟಳೆ ಮಾಡಿದಳು. “ದಿನಾ ಬೆಳಿಗ್ಗೆ ಆರೂವರೆಗೆ ನಾನು ಎರಡು ರಿಂಗ್ ಕೊಟ್ಟು ಕಟ್ ಮಾಡ್ತೀನಿ. ನೀನು ಎತ್ಬೇಡ. ಹೊಲಿಗೆ ಹಾಕಿದಾರೆ, ದಡಬಡ ಅಂತ ಎದ್ದು ಓಡ್ಬೇಡ. ನಿಧಾನಕ್ಕೆ ಎದ್ದು ನೀನೂ ಎರಡು ಕೊಡು. ಸರಿಯಾಗಿದೀಯ ಅಂತ ತಿಳ್ಕೋತೀನಿ.”

ಹೊಲಿಗೆ ಒಣಗಿತು, ರಿಂಗ್ ಮಾತ್ರ ನಿಲ್ಲಲಿಲ್ಲ. ಅವಳು ಬಾಗಿಲಿಗೆ ರಂಗೋಲಿ ಹಾಕಿ ಕೈ ತೊಳೆದು ಎರಡು ರಿಂಗ್ ಕೊಡುವುದು, ನಾನು ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದು ತಿರುಗಿ ಎರಡು ಕೊಡುವುದು. ಎತ್ತುವ ಹಾಗಿಲ್ಲ. ಮೂರನೇ ರಿಂಗ್ ಬಂತೆಂದರೆ ಏನೋ ಆಗಿದೆ, ಎತ್ತಬೇಕು. ಇಷ್ಟು ವರ್ಷದಲ್ಲಿ ಮೂರನೇ ರಿಂಗ್ ಬಂದದ್ದು ಒಂದೇ ಸಲ, ನಮ್ಮ ಅಮ್ಮ ತೀರಿಕೊಂಡ ಬೆಳಿಗ್ಗೆ.

ಒಂದೂವರೆ ವರ್ಷದ ಹಿಂದೆ ಅಕ್ಕನ ಮೊಮ್ಮಗಳ ನಾಮಕರಣದಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು. ತಪ್ಪು ನನ್ನದೇ ಇರಬಹುದು. ಬೀಗರ ಪಂಕ್ತಿಯಲ್ಲಿ ಕೂತು “ಸಾರಿಗೆ ಉಪ್ಪೇ ಬಿದ್ದಿಲ್ವಲ್ಲೇ” ಎಂದೆ. ಮೆಲ್ಲಗೇ ಅಂದೆ ಎಂದುಕೊಂಡಿದ್ದೆ. ಆದರೆ ತರಗತಿಯಲ್ಲಿ ಮೂವತ್ತು ವರ್ಷ ಕೂಗಿದ ಗಂಟಲು ನೋಡಿ, ಪಂಕ್ತಿಯ ಕೊನೆಯವರೆಗೂ ಕೇಳಿಸಿತು. ಅಕ್ಕ ಸುಮ್ಮನಿರುವವಳೇ? “ಇವಳು ಟೀಚರಮ್ಮ, ಎಲ್ಲರಿಗೂ ಮಾರ್ಕ್ಸ್ ಹಾಕ್ತಾಳೆ. ತನ್ನ ಮನೇಲಿ ದಿನಾ ಅನ್ನ ಸೀಯಿಸ್ತಾಳೆ” ಎಂದು ಎಲ್ಲರೆದುರಿಗೇ ಅಂದಳು. ಬೀಗಿತ್ತಿ ಕಿಸಕ್ಕೆಂದು ನಕ್ಕಳು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಅರಿಶಿನ ಕುಂಕುಮ, ತಾಂಬೂಲ ಏನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಬಂದುಬಿಟ್ಟೆ. ಮುತ್ತೈದೆ ತಾಂಬೂಲ ಬಿಟ್ಟು ಹೋದಳೆಂದರೆ ಆ ಮನೆಯವರಿಗೆ ಎಷ್ಟು ಅವಮಾನ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಅವತ್ತಿನಿಂದ ಮೊಬೈಲಿನಲ್ಲಿ ಮಾತು ನಿಂತಿತು. ವಾಟ್ಸಾಪಿನಲ್ಲಿ ಅವಳು ಕಳಿಸುತ್ತಿದ್ದ ದೇವರ ಪಟಗಳೂ ನಿಂತವು. ಆದರೆ ಮರುದಿನ ಬೆಳಿಗ್ಗೆ ಆರೂವರೆಗೆ ನಾನು ಉಸಿರು ಹಿಡಿದು ಕೂತಿದ್ದಾಗ ಲ್ಯಾಂಡ್‌ಲೈನು ಎರಡು ಸಲ ಬಾರಿಸಿ ಸುಮ್ಮನಾಯಿತು. ನಾನೂ ಎರಡು ಕೊಟ್ಟೆ. ಆ ಎರಡು ರಿಂಗಿನಲ್ಲಿ ನಾವು ಯಾವತ್ತೂ ಮಾತಾಡಿದವರಲ್ಲ, ಮಾತು ಬಿಡುವುದೇನು? ಹೀಗೆ ಒಂದೂವರೆ ವರ್ಷ ನಡೆಯಿತು. ನನಗೂ ಅವಳಿಗೂ ಉಳಿದಿದ್ದದ್ದು ಅಷ್ಟೇ.

ಈಚೆಗೆ ನಮ್ಮ ರಸ್ತೆಯನ್ನು ಪೈಪಿಗೋಸ್ಕರ ಅಗೆದರು. ಫೋನಿನಲ್ಲಿ ಗೊರಗೊರ ಸದ್ದು ಶುರುವಾಯಿತು. ನಮ್ಮ ಯಜಮಾನರು ಈ ಹಳೇ ತಂತಿ ಇನ್ನು ಬಾಳುವುದಿಲ್ಲ ಎಂದು ತೀರ್ಮಾನಿಸಿ, ನನ್ನನ್ನು ಒಂದು ಮಾತೂ ಕೇಳದೆ ಫೈಬರಿಗೆ ಅರ್ಜಿ ಹಾಕಿದರು. ಫೋನ್ ಹಾಕಲು ಬಂದವರು ಗದಗ ಕಡೆಯವರು, ನಲವತ್ತೈದು ದಾಟಿದವರು, ಒಳ್ಳೆಯ ಮನುಷ್ಯ. ಗೋಡೆಗೊಂದು ಬಿಳಿ ಡಬ್ಬಿ ಹೊಡೆದು, ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆ ಜೋಡಿಸಿ, ಸಣ್ಣ ಪರದೆಯಿರುವ ಹೊಸ ಫೋನ್ ಇಟ್ಟರು.

“ನಂಬರು ಅದೇ ಇರುತ್ತಾ?” ಎಂದು ಮೂರು ಸಲ ಕೇಳಿದೆ.

“ಅದ ಇರ್ತೈತ್ರಿ ಅಮ್ಮಾರ. ಏನೂ ಬದಲಾಗಂಗಿಲ್ಲ, ನೀವ್ ಚಿಂತಿ ಮಾಡಬ್ಯಾಡ್ರಿ” ಎಂದರು. ತಮ್ಮ ಮೊಬೈಲಿನಿಂದ ಕರೆ ಮಾಡಿ ತೋರಿಸಿದರು. ಫೋನ್ ಬಾರಿಸಿತು. ನಾನು ಕಾಫಿ ತರಲು ಒಳಗೆ ಹೋದಾಗ ಯಜಮಾನರಿಗೆ ಏನೇನೋ ವಿವರಿಸಿದರು. ಇವರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದದ್ದು ಅಡುಗೆಮನೆಯಿಂದ ಕಾಣುತ್ತಿತ್ತು. ಇವರು ಹಾಗೆ ತಲೆಯಾಡಿಸಿದರೆ ಏನೂ ಕಿವಿಗೆ ಬಿದ್ದಿಲ್ಲ ಎಂದರ್ಥ. ಅದು ನನಗೆ ಹೊಳೆಯಬೇಕಿತ್ತು.

ಮರುದಿನ ಆರೂವರೆಗೆ ಹೊಸ ಫೋನು ‘ಟಿಕ್’ ಎಂದಿತು. ಅಷ್ಟೇ. ಹಲ್ಲಿ ಲೊಚಗುಟ್ಟಿದಷ್ಟೂ ಸದ್ದಿಲ್ಲ. ನಾನು ಕಾದೆ. ಏಳಾಯಿತು, ಎಂಟಾಯಿತು. ಮೊದಲು ಅವಳು ರಿಂಗ್ ಕೊಡಬೇಕು, ಆಮೇಲೆ ನಾನು. ಅದು ಪದ್ಧತಿ. ಅವಳೇ ಕೊಡದಿದ್ದರೆ ನಾನು ಹೇಗೆ ಕೊಡಲಿ?

“ರೀ, ರಾತ್ರಿ ಆ ಡಬ್ಬಿ ಸ್ವಿಚ್ ಆಫ್ ಮಾಡಿದ್ರಾ?”

“ಇಲ್ವಲ್ಲೇ. ಹಸಿರು ಲೈಟ್ ಉರೀತಾ ಇದೆ ನೋಡು.”

ಲೈಟೇನೋ ಉರಿಯುತ್ತಿತ್ತು. ಎರಡನೆಯ ದಿನವೂ ಟಿಕ್. ಮೂರನೆಯ ದಿನವೂ ಟಿಕ್. ನಡುವೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಫೋನೂ ಸತ್ತುಬಿದ್ದಿತು. ಹಳೇ ಫೋನಿಗೆ ಬೇಕಾದ ವಿದ್ಯುತ್ತು ತಂತಿಯಲ್ಲೇ ಬರುತ್ತದೆ, ಮನೆಯ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ಪಾಠ ಹೇಳಿದವಳೇ ನಾನು. ಈಗ ಕರೆಂಟ್ ಬರುವವರೆಗೆ ಆ ಕಪ್ಪು ಪರದೆ ನೋಡುತ್ತ, ಅಯ್ಯೋ, ಅಕ್ಕ ಈಗಲೇ ಮಾಡಿದರೆ ಏನು ಗತಿ ಎಂದು ಒದ್ದಾಡಿದೆ. ಮಧ್ಯಾಹ್ನ ಮೂರು ಗಂಟೆಗೆ ಅವಳು ಯಾಕೆ ಮಾಡುತ್ತಾಳೆ ಎಂದು ನನ್ನನ್ನೇ ಕೇಳಿಕೊಂಡರೂ ಸಮಾಧಾನವಾಗಲಿಲ್ಲ.

ನಾಲ್ಕನೆಯ ದಿನ ಪದ್ಧತಿ ಹಾಳಾಗಿ ಹೋಗಲಿ ಎಂದು ನಾನೇ ಮೊದಲು ಅವಳ ನಂಬರ್ ಒತ್ತಿದೆ. ನೀವು ಡಯಲ್ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಒಂದು ಹೆಂಗಸಿನ ದನಿ ಬಹಳ ಮರ್ಯಾದೆಯಿಂದ ಹೇಳಿತು. ಮತ್ತೆ ಒತ್ತಿದೆ. ಮತ್ತೆ ಅದೇ ಮರ್ಯಾದೆ.

ಆ ನಂಬರು ನನಗೆ ನನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ, ತಪ್ಪಿ ಒತ್ತುವ ಮಾತೇ ಇಲ್ಲ. ಹಾಗಾದರೆ ಅಕ್ಕ ಲೈನನ್ನೇ ವಾಪಸ್ ಕೊಟ್ಟುಬಿಟ್ಟಳು. ನನಗೆ ಹೇಳದೆ, ಕೇಳದೆ. ಇದ್ದ ಎರಡು ರಿಂಗನ್ನೂ ಕಿತ್ತು ಬಿಸಾಕಿದಳು. ಸರಿ, ಬಿಸಾಕಲಿ, ನನಗೇನು ಎಂದುಕೊಂಡೆ. ಅವತ್ತು ಅನ್ನ ನಿಜವಾಗಿಯೂ ಸೀದುಹೋಯಿತು.

“ಅವರ ಮಗಳಿಗೆ ಒಂದು ಫೋನ್ ಮಾಡಿ ವಿಚಾರಿಸ್ಲಾ?” ಎಂದರು ಯಜಮಾನರು, ಸೀದದ್ದನ್ನು ತಟ್ಟೆಯ ಅಂಚಿಗೆ ಸರಿಸುತ್ತ.

“ಮಾಡಿದ್ರೆ ನೋಡಿ ಮತ್ತೆ! ಹತ್ತು ನಿಮಿಷಕ್ಕೆ ಅವಳ ಕಿವಿಗೆ ಬೀಳುತ್ತೆ. ನಾನೇ ಸೋತು ಹೇಳಿ ಕಳಿಸ್ದೆ ಅಂತ ಊರೆಲ್ಲಾ ಆಡ್ಕೋತಾಳೆ.”

ಬಾಯಲ್ಲಿ ಹೀಗೆ. ಒಳಗೆ ಮಾತ್ರ ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ಅಕ್ಕ ಕೋಪಿಷ್ಠೆ ನಿಜ, ಆದರೆ ಜಗಳವಾದ ಮರುದಿನವೇ ರಿಂಗ್ ಕೊಟ್ಟವಳು ಒಂದೂವರೆ ವರ್ಷವಾದ ಮೇಲೆ ಯಾಕೆ ನಿಲ್ಲಿಸುತ್ತಾಳೆ? ಹೊಸದಾಗಿ ನಾನೇನು ಮಾಡಿದೆ? ಅವಳಿಗೆ ಹುಷಾರಿಲ್ಲವೇ? ಹುಷಾರಿಲ್ಲದಿದ್ದರೆ ಲೈನ್ ಯಾಕೆ ವಾಪಸ್ ಕೊಡುತ್ತಾಳೆ? ಮತ್ತೆ ಆ ಟಿಕ್ ಒಂದು. ದಿನವೂ ಆರೂವರೆಗೆ ಒಂದು ಇರುತ್ತಿತ್ತು, ಬರಬರುತ್ತ ಹೊತ್ತಲ್ಲದ ಹೊತ್ತಿನಲ್ಲೂ ಕೇಳಿಸತೊಡಗಿತು. ಒಂಬತ್ತನೆಯ ದಿನವಂತೂ ಬೆಳಗಿನಿಂದ ಟಿಕ್, ಟಿಕ್, ಟಿಕ್. ಹುಚ್ಚು ಹಿಡಿಸುವ ಹಾಗೆ. ಅಕ್ಕನ ಮೇಲಿನ ಸಿಟ್ಟನ್ನೆಲ್ಲ ಆ ಫೋನಿನ ಮೇಲೆ ಹಾಕಿ, ಇದು ಕೆಟ್ಟಿದೆ, ಬಂದು ತೆಗೆದುಕೊಂಡು ಹೋಗಿ ಎಂದು ದೂರು ಕೊಟ್ಟೆ.

ಹತ್ತನೆಯ ದಿನ ಗದಗದವರೇ ಬಂದರು. ನಂದಿನಿ ಲೇಔಟಿನಲ್ಲಿ ಇನ್ನೊಂದು ಮನೆಯ ಕೆಲಸ ಬಿಟ್ಟು ಬಂದಿದ್ದರಂತೆ, ಸ್ವಲ್ಪ ಅವಸರದಲ್ಲಿದ್ದರು. ನಾನು ಅವರಿಗೆ ಅವಸರ ಮಾಡಲು ಬಿಡಲಿಲ್ಲ. ಮೊದಲು ನಂಬರ್ ಹೋಗದ ವಿಷಯ ಹೇಳಿದೆ.

“ಮುಂದ ಊರಿನ ಕೋಡು ಸೊನ್ನೆ ಎಂಟು ಸೊನ್ನೆ ಹಚ್ಚಿದ್ರೇನ್ರಿ? ಈ ಲೈನಿನಾಗ ಊರಾಗಿಂದ ಊರಾಗ ಮಾಡಿದ್ರೂ ಹಚ್ಚಬೇಕ್ರಿ. ಸಾಹೇಬ್ರಿಗೆ ಅವತ್ತ ಹೇಳಿದ್ನೆಲ್ರಿ.”

ಸಾಹೇಬರು ಫ್ಯಾನ್ ತಿರುಗುವುದನ್ನು ನೋಡುತ್ತಿದ್ದರು. ಅವರ ಪಾಲಿನದನ್ನು ಆಮೇಲೆ ಕೊಡೋಣವೆಂದು ಇಟ್ಟುಕೊಂಡೆ. ಹಾಗಾದರೆ ಅಕ್ಕ ಲೈನ್ ತೆಗೆಸಿಲ್ಲ. ಆದರೆ ರಿಂಗ್ ಯಾಕೆ ಕೊಡುತ್ತಿಲ್ಲ?

“ನಿಮ್ಮ ಮೊಬೈಲಿಂದ ಇಲ್ಲಿಗೆ ಮಾಡಿ. ಸ್ಪೀಕರ್ ಹಾಕಿ” ಎಂದೆ. ಮಾಡಿದರು. ಅವರ ಮೊಬೈಲಿನಲ್ಲಿ ಒಂದು ರಿಂಗ್ ಆಯಿತು. ನಮ್ಮ ಫೋನು ಸುಮ್ಮನಿತ್ತು. ಎರಡನೆಯ ರಿಂಗ್ ಆಯಿತು. ನಮ್ಮದು ‘ಟಿಕ್’ ಎಂದಿತು. ಮೂರನೆಯದಕ್ಕೆ ನಮ್ಮ ಫೋನು ಬಾರಿಸಲು ಶುರು ಮಾಡಿತು.

“ಇನ್ನೊಂದ್ಸಲ.”

ಮತ್ತೆ ಹಾಗೆಯೇ. ಪ್ರಯೋಗವೆಂದರೆ ಮೂರು ಸಲ ಮಾಡಬೇಕು, ಮೂರನೆಯ ಸಲವೂ ಮಾಡಿಸಿದೆ. ಆ ಕಡೆಯವರಿಗೆ ಎರಡು ರಿಂಗ್ ಕೇಳಿಸಿ ಮುಗಿದ ಮೇಲೆ ಈ ಕಡೆ ಮೊದಲನೆಯದು.

“ಒಂದಿಷ್ಟು ತಡ ಐತ್ರಿ ಇದರಾಗ. ಯಾರೂ ಲಕ್ಷ್ಯ ಕೊಡಂಗಿಲ್ಲ” ಎಂದರು ಅವರು. “ಎರಡ ರಿಂಗಿಗೆ ಯಾರ್ ಕಟ್ ಮಾಡ್ತಾರ್ರಿ ಅಮ್ಮಾರ?”

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ಫೋನಿನ ಒಂದು ಗುಂಡಿ ಒತ್ತಿ ಪರದೆ ನನ್ನ ಕಡೆ ತಿರುಗಿಸಿದರು. “ಬಾರಿಸೋಕಿಂತ ಮೊದ್ಲ ನಂಬರ್ ಬಂದು ಕೂಡ್ತೈತ್ರಿ. ನೋಡ್ರಿ, ಒಂದ ನಂಬರು, ಸಾಲಾಗಿ.”

ಅಕ್ಕನ ನಂಬರು. ಮೊದಲ ಮೂರು ದಿನ ಬೆಳಿಗ್ಗೆ ಆರೂವರೆಗೆ ಒಂದೊಂದು. ನಾಲ್ಕನೆಯ ದಿನದಿಂದ ಎರಡೆರಡು, ಆಮೇಲೆ ನಾಲ್ಕು. ಎಂಟನೆಯ ದಿನ ಬೆಳಿಗ್ಗೆ ಒಂದೇ. ಒಂಬತ್ತನೆಯ ದಿನ ಹನ್ನೊಂದು. ಹನ್ನೊಂದು ಸಲ ಮಾಡಿದ್ದಾಳೆ ಮಹಾರಾಯ್ತಿ, ಒಂದು ಸಲಕ್ಕೂ ಮೂರನೆಯ ರಿಂಗಿಗೆ ಬಿಟ್ಟಿಲ್ಲ.

ಸೊನ್ನೆ ಎಂಟು ಸೊನ್ನೆ ಹಾಕಿ ಅವಳ ನಂಬರ್ ಒತ್ತಿದೆ. ಒಂದು ರಿಂಗ್. ಎರಡು. ನನ್ನ ಬೆರಳು ತನ್ನಷ್ಟಕ್ಕೆ ತಾನೇ ಕಟ್ ಮಾಡಲು ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ. ಮೂರು. ನಾಲ್ಕನೆಯದು ಮುಗಿಯುವ ಮೊದಲೇ ಅವಳು ಎತ್ತಿದಳು.

“ಏನಾಯ್ತೇ? ಯಾರಿಗೇನಾಯ್ತು? ನಿಮ್ಮನೆಯವರು ಚೆನ್ನಾಗಿದಾರಾ?”

“ಯಾರಿಗೂ ಏನೂ ಆಗಿಲ್ಲ ಕಣೇ ಅಕ್ಕ. ಫೋನ್ ಬದ್ಲಾಯಿಸಿದ್ವಿ.”

ಹಳೆಯ ಅಕ್ಕ ವಾಪಸ್ ಬಂದಳು. “ಫೋನ್ ಬದ್ಲಾಯಿಸಿದ್ರೆ ಎರಡು ರಿಂಗ್ ಕೊಡೋಕೆ ಕೈ ಸೇದು ಹೋಗಿತ್ತಾ?”

“ನಿನ್ನ ರಿಂಗೇ ಬರ್ಲಿಲ್ಲ.”

“ಸುಳ್ಳು ಬೊಗಳ್ಬೇಡ. ನನ್ನ ಕಿವಿಯಾರೆ ಕೇಳಿದೀನಿ, ಎರಡು ರಿಂಗು, ದಿನಾ.”

“ಅಲ್ಲಿ ನಿಂಗೆ ಕೇಳಿಸಿದ್ರೂ ಇಲ್ಲಿ ಆಗಲ್ವಂತೆ. ಇದು ಇಂಟರ್ನೆಟ್ಟಂತೆ, ತಡ ಆಗುತ್ತಂತೆ.” ಹೇಳುತ್ತಿದ್ದ ಹಾಗೆ ನನಗೇ ಅದು ಹಸಿ ಸುಳ್ಳಿನ ಹಾಗೆ ಕೇಳಿಸಿತು. “ಹನ್ನೊಂದು ಸಲ ಮಾಡಿದೀಯಲ್ಲ, ಒಂದೇ ಒಂದು ಸಲ ಇನ್ನೊಂದು ರಿಂಗ್ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಮೂರನೇದನ್ನ ಹೇಗೆ ಬಿಡ್ಲಿ? ಅಮ್ಮ ಹೋದಾಗ ಬಿಟ್ಟಿದ್ದೇ ಕೊನೆ. ನಿನ್ನ ಮನೆಗೆ ಮತ್ತೆ ಅಂಥ ರಿಂಗ್ ಕೊಡೋಕೆ ನಂಗೆ ಧೈರ್ಯ ಬರ್ಲಿಲ್ಲ ಕಣೇ” ಎಂದಳು. ಆಮೇಲೆ, “ಮೊನ್ನೆ ಬಂದಿದ್ದೆ.”

“ಎಲ್ಲಿಗೆ?”

“ನಿಮ್ಮನೆಗೇ. ಎದುರು ಫುಟ್‌ಪಾತಲ್ಲಿ ನಿಂತಿದ್ದೆ. ಮಹಡಿ ಮೇಲೆ ನಿನ್ನ ನೀಲಿ ಸೀರೆ ಒಣಗಾಕಿತ್ತು, ಇನ್ನೂ ನೀರು ತೊಟ್ಟಿಕ್ತಾ ಇತ್ತು. ಸದ್ಯ, ಇದಾಳೆ ಅಂದ್ಕೊಂಡೆ. ಬೇಕು ಅಂತ್ಲೇ ನಿಲ್ಲಿಸಿದಾಳೆ ಅಂತಾನೂ ಗೊತ್ತಾಯ್ತು. ಬಸ್ ಹತ್ತಿ ವಾಪಸ್ ಬಂದೆ. ಮನಸ್ಸು ಕೇಳ್ಬೇಕಲ್ಲ, ನಿನ್ನೆಯೆಲ್ಲಾ ಮತ್ತೆ ಮತ್ತೆ ಕೊಟ್ಟೆ.”

ನನಗೆ ದುಃಖ ಒತ್ತರಿಸಿಕೊಂಡು ಬಂತು. ಗದಗದವರು ಇದ್ದಾರೆ, ಯಜಮಾನರು ಇದ್ದಾರೆ ಎನ್ನುವುದನ್ನೂ ಮರೆತು ಗೊಳೋ ಎಂದು ಅತ್ತೆ. “ಗೇಟಿನ ತನಕ ಬಂದು ಒಳಗೆ ಬರ್ಬಾರ್ದಿತ್ತಾ?”

“ತಾಂಬೂಲ ಬಿಟ್ಟು ಹೋದೋಳು ನೀನು. ನಾನು ಯಾವ ಮುಖ ಇಟ್ಕೊಂಡು ನಿನ್ನ ಬಾಗ್ಲಿಗೆ ಬರ್ಲಿ?” ಅವಳೂ ಮೂಗೆಳೆಯುತ್ತಿದ್ದಳು. “ತೆಂಗಿನಕಾಯಿ ಅವತ್ತಿನ ವಾರವೇ ಚಟ್ನಿ ಆಯ್ತು. ರವಿಕೆ ಕಣ ಹಾಗೇ ಎತ್ತಿಟ್ಟಿದೀನಿ. ತರ್ಲಾ?”

“ತಗೊಂಡು ಬಾ. ಈಗ್ಲೇ ಬಾ.”

ಫೋನಿಟ್ಟ ಮೇಲೆ ಯಜಮಾನರು ಏನೋ ಹೇಳಲು ಬಂದರು. ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಮುಖ ತೊಳೆದು, ಆ ನೀಲಿ ಸೀರೆಯನ್ನೇ ಉಟ್ಟೆ. ಈ ಸಲವೂ ಎದುರು ಫುಟ್‌ಪಾತಿನಿಂದಲೇ ಹಿಂದಿರುಗಿಬಿಟ್ಟಾಳೆಂದು ನಾನೇ ಹೋಗಿ, ಮೂಡಲಪಾಳ್ಯದ ಬಸ್ಸು ಬರುವ ಸ್ಟಾಪಿನಲ್ಲಿ ನಿಂತುಕೊಂಡೆ.