ಕಿವಿಯ ಮೇಲಿನ ಬೀಡಿ

“ಎಣ್ಣು ಎಂಗವ್ಳೆ?”

ಬೇತಮಂಗಲದಲ್ಲಿ ತಮ್ಮನಿಗೆ ಹೆಣ್ಣು ನೋಡಿಕೊಂಡು ನಂದಿದುರ್ಗ ಚಿನ್ನದ ಗಣಿಯ ಕೂಲಿಗಾರರ ಲೈನ್‌ಮನೆಗೆ ಬಂದ ನನ್ನನ್ನು ಅವ್ವ ಕೇಳಿದಳು. ಜೊತೆಗೆ ಬಂದಿದ್ದ ಸೋದರಮಾವ ದಾರಿಯಲ್ಲೇ ತಮ್ಮೂರಿಗೆ ಇಳಿದುಹೋಗಿದ್ದರು. ನನಗೋ ಹುಡುಗಿಯ ಮುಖವೇ ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ಅವಳ ಅಪ್ಪ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಅರ್ಧ ಸೇದಿದ ಬೀಡಿ.

ನಾನು ಬೀಡಿ ಬಿಟ್ಟು ಎಂಟು ದಿನವಾಗಿತ್ತು. ಗಣಿಯೊಳಗೆ ಜೊತೆಗಾರರಿಗೆಲ್ಲ ಉಪದೇಶ ಮಾಡಿಯೂ ಆಗಿತ್ತು. ಆದರೆ ಬಿಟ್ಟದ್ದು ಬಾಯಿ ಮಾತ್ರ, ಕಣ್ಣು ಬಿಟ್ಟಿರಲಿಲ್ಲ. ಅವರ ಜಗಲಿಯ ಮೇಲೆ ಕೂತು, ಹಳೆಯ ಗೆಳೆಯ ಸಿಕ್ಕವನಂತೆ ಒಂದು ಗಂಟೆ ಆ ಬೀಡಿಯನ್ನೇ ನೋಡಿ ಬಂದಿದ್ದೆ. ನನ್ನ ಪೆದ್ದುತನ ಬಯಲಾದೀತೆಂದು ಹೆದರಿ, “ಒಳ್ಳೇ ಎಣ್ಣು ಕಣವ್ವ, ಒಪ್ಕೊ” ಎಂದುಬಿಟ್ಟೆ. ಮದುವೆಯೂ ಆಯಿತು.

ಮರುವರ್ಷ ಒಂದು ದಿನ ಊಟ ಬಡಿಸುತ್ತಿದ್ದ ತಮ್ಮನ ಹೆಂಡತಿ ಎಡಚಿ ಎಂಬುದು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಕೇಳಿದರೆ ನಕ್ಕಳು.

“ನೋಡಕ್ಕೆ ಬಂದಾಗ್ಲೂ ಎಡಗೈಲೇ ಕಾಪಿ ಕೊಟ್ಟಿದ್ದೆ ಬಾವ. ನಿಮ್ ಸೋದ್ರಮಾವ ಮೊಕ ಗಂಟಾಕ್ಕೊಂಡ್ರು. ನೀವೊಬ್ರೇ ನಗ್ತಾ ಕೂತಿದ್ರಿ. ಅದ್ಕೇ ಈ ಮನೆಗೆ ಬತ್ತೀನಿ ಅಂದೆ.”

ಆ ನಗು ಯಾವುದನ್ನು ಕಂಡು ಬಂದದ್ದೆಂದು ಇಂದಿಗೂ ಅವಳಿಗೆ ಹೇಳಿಲ್ಲ. ಅವಳು ಇದನ್ನು ಹೇಳಿದಾಗ ಅವಳ ಅಪ್ಪ ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಅವರ ಕಿವಿಯ ಮೇಲೆ ಬೀಡಿ ಇತ್ತೋ ಇಲ್ಲವೋ, ನನಗೆ ನೆನಪಿಲ್ಲ.